ಮೂವತ್ತೊಂದನೆಯ ಪುಟದ ತಿದ್ದುಪಡಿ

ಸಂಘದ ಅಧ್ಯಕ್ಷರಾದ ಶ್ರೀ ಉದಯಶಂಕರ ಅವರೇ, ನಮ್ಮೆಲ್ಲರ ಎದೆಬಡಿತವನ್ನು ಊಟದ ಸಾಲಿನಲ್ಲೂ ಬೇಸರವಿಲ್ಲದೆ ಕೇಳಿಸಿಕೊಳ್ಳುವ ಮುಖ್ಯ ಅತಿಥಿ ಡಾಕ್ಟರ್ ಚನ್ನಬಸಪ್ಪನವರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಕುಳಿತು ಫೋನ್ ನೋಡುತ್ತಿರುವ ಕಿರಿಯರೇ, ಇಂದಿನ ಯುಗಾದಿ ಊಟಕ್ಕೆ ಹೆಸರು ಬರೆಸಿ ಬಂದಿರುವ ನೂರ ನಲವತ್ತು ಮಂದಿ ಸಭಿಕರೇ, ಹಾಗೂ ಹೆಸರು ಬರೆಸದೆ ಬಂದಿರುವ ನಲವತ್ತಾರು ಮಂದಿ ಸಭಿಕರೇ,

ನಗಬೇಡಿ. ಪ್ರಾರ್ಥನೆ ನಡೆಯುವಾಗ ನಾನು ಎಣಿಸಿದ್ದೇನೆ. ಎಲ್ಲರೂ ಕಣ್ಣು ಮುಚ್ಚಿರುವಾಗ ಎಣಿಸುವುದು ಸುಲಭ.

ಈ ಮಧ್ವೇಶನನ್ನು ಕರೆದು, ಕೂರಿಸಿ, ಶಾಲು ಹೊದಿಸಿದ್ದೀರಿ. ತುಂಬ ಸಂತೋಷ. ಆದರೆ ಇದೇ ಶಾಲನ್ನು ಹೋದ ವರ್ಷ ಡಾಲಸ್‌ನಿಂದ ಬಂದ ಗಾಯಕರಿಗೆ ಹೊದಿಸಿದಂತೆ ನನಗೊಂದು ನೆನಪು. ಅಂಚಿನಲ್ಲಿ ಸಾರಿನ ಕಲೆ ಇತ್ತು. ಈಗಲೂ ಇದೆ. ಇರಲಿ, ಅವರು ಮರೆತು ಹೋಗಿದ್ದನ್ನು ಸಂಘ ಜೋಪಾನ ಮಾಡಿದೆ ಎಂದು ತಿಳಿಯೋಣ. ಉದಯಶಂಕರ ಅವರು ನನ್ನನ್ನು ಪರಿಚಯಿಸುತ್ತ 'ಸೂಕ್ಷ್ಮ ದೃಷ್ಟಿಯವರು' ಎಂದರು. ಮನೆಯಲ್ಲಿ ನನ್ನ ಹೆಂಡತಿ ಪ್ರಭಾ ಇದಕ್ಕೆ ಬೇರೆ ಪದ ಬಳಸುತ್ತಾಳೆ. 'ಅನುಮಾನದ ಪಿಶಾಚಿ' ಎನ್ನುತ್ತಾಳೆ. ಎರಡೂ ಒಂದೇ ಗುಣ, ಶಾಲು ಹೊದಿಸುವಾಗ ಒಂದು ಹೆಸರು, ಅಡುಗೆಮನೆಯಲ್ಲಿ ಒಂದು ಹೆಸರು.

ಇಂದು ಬಿಡುಗಡೆಯಾದ 'ಮಿಸೌರಿ ಸಿಟಿಯ ಕನ್ನಡಿಗರು: ಮನೆ ಮತ್ತು ಮಂದಿ' ಎಂಬ ಈ ಪುಸ್ತಕ ಏಕೆ ಬೇಕಾಯಿತು? ಹೋದ ಆಗಸ್ಟಿನ ಪ್ರವಾಹವನ್ನು ಯಾರೂ ಮರೆತಿಲ್ಲ. ನಮ್ಮ ಬೀದಿಯ ಕೊನೆಗೆ ದೋಣಿ ಬಂದು ನಿಂತಾಗ ಅದರಲ್ಲಿದ್ದಾತ ಮೊದಲು ಕೇಳಿದ್ದು ಹೆಸರನ್ನಲ್ಲ, ಕುಲಗೋತ್ರವನ್ನಲ್ಲ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ನಾನು ಥಟ್ಟನೆ 'ಟೂ' ಎಂದೆ. ದೋಣಿಯಲ್ಲಿ ಕುಳಿತ ಮೇಲೆ ಪ್ರಭಾ, "ಎರಡೇ ಅಂತ ಎಷ್ಟು ಬೇಗ ಹೇಳಿಬಿಟ್ರಿ" ಎಂದಳು. ನೀರಿಗೆ ಹೆದರಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡೆ. ಆ ವಾರ ನಮ್ಮ ಸಂಘಕ್ಕೆ ಯಾವ ಮನೆಯಲ್ಲಿ ಎಷ್ಟು ಮಂದಿ, ಯಾರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಯಾರದು ಸ್ವಂತ ಮನೆ, ಯಾರದು ಬಾಡಿಗೆ, ಏನೂ ಗೊತ್ತಿರಲಿಲ್ಲ. ಆದ್ದರಿಂದ ಗಣತಿ. ಅದಕ್ಕೆ ನಾನು.

ನನ್ನನ್ನು ನೇಮಿಸುವಾಗ ಅಧ್ಯಕ್ಷರು ಒಂದು ನಿಯಮ ಬರೆದು ಕೊಟ್ಟರು. ನನ್ನನ್ನು ಬಲ್ಲವರು, ಅದಕ್ಕೇ ಬರೆದರು. 'ಎಣಿಸುವವನು ಊಹಿಸಿ ಬರೆಯತಕ್ಕದ್ದಲ್ಲ. ಮನೆಯವರು ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಬರೆಯತಕ್ಕದ್ದು.' ಈ ನಿಯಮವನ್ನು ನೆನಪಿಡಿ. ಕೊನೆಯಲ್ಲಿ ನನಗೇ ಬೇಕಾಗುತ್ತದೆ.

ಎಣಿಕೆಯ ಹುಚ್ಚು ನನಗೆ ಇಂದಿನದಲ್ಲ. ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಕ್ಯಾನ್ಸಸ್‌ನ ಒಂದು ಸಣ್ಣ ಊರಿನಲ್ಲಿ. ಗೋಧಿ ತುಂಬುವ ಕಣಜಗಳ ಕಂಪನಿ. ಊರಿಗೆ ನಾಲ್ಕು ಚರ್ಚು, ಒಂದು ಅಂಚೆ ಕಚೇರಿ, ಮುನ್ನೂರೈವತ್ತು ಖಾಲಿ ಮನೆ. ಊರ ಬಾಗಿಲಲ್ಲಿ ಒಂದು ಹಸಿರು ಹಲಗೆ: ಜನಸಂಖ್ಯೆ ೧,೮೪೬. ಇಷ್ಟು ಪ್ರಾಮಾಣಿಕವಾದ ಊರನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡು ವರ್ಷದ ಮೇಲೆ ನಮಗೆ ಮಗಳು ಹುಟ್ಟಿದಳು, ಸುಚೇತಾ. ಮೂರನೆಯ ದಿನವೇ ನಾನು ಊರ ಕಚೇರಿಗೆ ಹೋಗಿ, ಹಲಗೆಯ ಮೇಲೆ ೧,೮೪೭ ಎಂದು ತಿದ್ದಬೇಕಲ್ಲ, ಯಾವಾಗ ತಿದ್ದುತ್ತೀರಿ ಎಂದು ಕೇಳಿದೆ. ಅಲ್ಲಿದ್ದ ವಯಸ್ಸಾದ ಹೆಂಗಸು ನಗಲಿಲ್ಲ. ಹಲಗೆ ಬದಲಾಗುವುದು ಹತ್ತು ವರ್ಷಕ್ಕೊಮ್ಮೆ, ಗಣತಿ ಆದ ಮೇಲೆ, ಅಲ್ಲಿಯವರೆಗೆ ಮಗುವನ್ನು ನಿಮ್ಮ ಲೆಕ್ಕದಲ್ಲೇ ಇಟ್ಟುಕೊಂಡಿರಿ ಎಂದಳು.

ಇಟ್ಟುಕೊಂಡಿರಿ ಎಂದಳು. ಇಟ್ಟುಕೊಂಡೆನೇ? ಆ ಮಾತಿಗೆ ಆಮೇಲೆ ಬರುತ್ತೇನೆ.

ಅಲ್ಲಿಂದ ಹ್ಯೂಸ್ಟನ್‌ಗೆ ಬಂದು, ಅದರ ಅಂಚಿನ ಈ ಮಿಸೌರಿ ಸಿಟಿಯಲ್ಲಿ ಮನೆ ಮಾಡಿದೆವು. ತೈಲ ಕಂಪನಿಗಳೇ ಸಾಲಾಗಿ ನಿಂತಿರುವ ಎನರ್ಜಿ ಕಾರಿಡಾರ್‌ನ ಒಂದು ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಪೈಪು ಎಣಿಸಿದೆ. ಎಂಜಿನಿಯರ್ ಎಂದು ನೀವು ಗೌರವದಿಂದ ಹೇಳುತ್ತೀರಿ, ನಿಜವಾದ ಕೆಲಸ ಇದು: ಕಾಗದದಲ್ಲಿ ಇಷ್ಟು ಪೈಪು ಎಂದು ಇರುತ್ತದೆ, ಬಯಲಿಗೆ ಹೋಗಿ ಅಷ್ಟು ಇದೆಯೇ ಎಂದು ನೋಡುವುದು. ಇರುತ್ತಿರಲಿಲ್ಲ. ಒಂದು ಸಲವೂ ಇರುತ್ತಿರಲಿಲ್ಲ! ಇಪ್ಪತ್ತಾರು ವರ್ಷ ಹೀಗೆ ಕಳೆದವನು ಮನೆಗೆ ಬಂದು ಹೆಂಡತಿ ಮಕ್ಕಳ ಮಾತನ್ನು ಹಾಗೆಯೇ ನಂಬಿಬಿಡುತ್ತಾನೆಯೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೇ ಹೇಳಿಲ್ಲವೇ?

ಗಣತಿಗೆ ಹೊರಟೆ. ನೂರ ಮೂವತ್ತೊಂದು ಮನೆ. ಸ್ವಂತದ್ದು ನೂರ ಹನ್ನೆರಡು, ಬಾಡಿಗೆಯದು ಹತ್ತೊಂಬತ್ತು. ಮಂದಿ ನಾನೂರ ಮೂವತ್ತೆಂಟು. ಎಲ್ಲ ಮನೆಯಲ್ಲೂ ಕಾಫಿ ಕೊಟ್ಟರು, ಎಲ್ಲ ಮನೆಯಲ್ಲೂ ಏನಾದರೊಂದು ಮುಚ್ಚಿಟ್ಟರು. ಡಾಕ್ಟರ್ ಚನ್ನಬಸಪ್ಪನವರ ಮನೆಯಲ್ಲಿ ಅವರ ತಾಯಿ ಈರವ್ವನವರು ನನ್ನ ಪೆನ್ನು ನೋಡಿಯೇ ಗದರಿದರು. "ಮಂದೀನ್ನ ಎಣಸಬಾರದಪಾ, ದೃಷ್ಟಿ ಆಗತೈತಿ. ಎಷ್ಟ್ ಮಂದಿ ಅಂತ ಯಾಕ ಕೇಳ್ತಿ? ಅದಾರ, ಎಲ್ಲಾರೂ ಅದಾರ ಅಂತ ಬರ್ಕೊ" ಎಂದರು. ಆ ಕಾಲಂನಲ್ಲಿ 'ಎಲ್ಲರೂ ಇದ್ದಾರೆ' ಎಂದು ಬರೆಯಲು ಜಾಗವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ನಿಯಮದ ಪ್ರಕಾರ ನೀವು ಹೇಳಿದ್ದನ್ನೇ ಬರೆದೆ. ಆದರೆ ನನ್ನ ಕಣ್ಣಿಗೆ ನಿಯಮ ಹಾಕಿರಲಿಲ್ಲವಲ್ಲ? ನಾವು ಯಾವ ದೇಶಕ್ಕೆ ಹೋದರೂ ಚಪ್ಪಲಿ ಬಾಗಿಲಲ್ಲೇ ಬಿಡುವ ಜನ. ಗ್ಯಾರೇಜಿನಿಂದ ಒಳಗೆ ಹೋಗುವ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡು ನೋಡಿದರೆ ಸಾಕು, ಫಾರಂ ಬೇಕಿಲ್ಲ. ಹೀಗೆ ನೋಡುತ್ತ ನೋಡುತ್ತ ಒಂದು ಮನೆಗೆ ಬಂದೆ. ನಮ್ಮ ಮನೆಯಿಂದ ನಾಲ್ಕನೆಯ ಬೀದಿ. ಮೋಹನರಾಜ ಮತ್ತು ರಾಜಲಕ್ಷ್ಮಿ ದಂಪತಿಗಳ ಮನೆ.

ಮೋಹನರಾಜ, ನೀವು ಎದ್ದು ಹೋಗಬೇಡಿ. ಕುಳಿತುಕೊಳ್ಳಿ.

ಮೋಹನರಾಜ ಸುಳ್ಳು ಹೇಳುವವರಲ್ಲ. ಮೈಸೂರಿನವರು, ಪಾರ್ಕಿಂಗ್ ಮೀಟರಿಗೂ ಮೋಸ ಮಾಡದವರು. ಅಂಥವರು ಮನೆಯಲ್ಲಿ ಎಷ್ಟು ಮಂದಿ ಎಂದರೆ, "ಇಬ್ಬರೇ ಸಾರ್, ನಮ್ಮ ಸುಮುಖ ಆಸ್ಟಿನ್‌ನಲ್ಲಿ ಇದ್ದಾನಲ್ಲ" ಎಂದು ಹೇಳಿ ನೆಲ ನೋಡಿದರು. ನಾನೂ ನೆಲ ನೋಡಿದೆ. ಅಲ್ಲಿ ಅಂಗೈಯಷ್ಟುದ್ದದ ಒಂದು ಜೊತೆ ಕೆಂಪು ಶೂ ಇತ್ತು. ಆ ಮನೆಯಲ್ಲಿ ಮಗುವಿಲ್ಲ. ಮೊಮ್ಮಗುವಿಲ್ಲ. ಸುಮುಖನಿಗೆ ಮದುವೆಯೇ ಆಗಿಲ್ಲ. ಮತ್ತೆ ಶೂ ಯಾರದು?

ಅಂದಿನಿಂದ ಆ ಮನೆಯ ಮೇಲೆ ಕಣ್ಣಿಟ್ಟೆ. ವಾಕಿಂಗ್ ದಾರಿ ಬದಲಿಸಿದೆ. ಕಸದ ಡಬ್ಬಿ ಇಬ್ಬರ ಮನೆಯದಷ್ಟು ಹಗುರವಾಗಿರಲಿಲ್ಲ. ಮಹಡಿಯ ಕೋಣೆಯ ಕಿಟಕಿಗೆ ಹೊಸ ಪರದೆ. ಶುಕ್ರವಾರ ಸಂಜೆ ಒಂದು ನೀಲಿ ಕಾರು ಬರುತ್ತದೆ, ಭಾನುವಾರ ಹೋಗುತ್ತದೆ, ನಂಬರ್ ಪ್ಲೇಟಿನ ಸುತ್ತ ಡಾಲಸ್‌ನ ಡೀಲರ್ ಹೆಸರು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಹೆಂಡತಿ. ಅಕ್ಟೋಬರಿನಿಂದ ಪ್ರಭಾ ದಿನಾ ರಾಜಲಕ್ಷ್ಮಿಯವರ ಮನೆಗೆ ಸಹಸ್ರನಾಮ ಪಾರಾಯಣಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಐದಕ್ಕೆ ಬರುತ್ತಿದ್ದಳು. ಸಭಿಕರೇ, ಎಷ್ಟು ನಿಧಾನವಾಗಿ ಹೇಳಿದರೂ ವಿಷ್ಣುವಿನ ಸಾವಿರ ಹೆಸರಿಗೆ ಮುಕ್ಕಾಲು ಗಂಟೆ ಸಾಕು! ಹೋಗುವಾಗ ಕೈಯಲ್ಲಿ ಡಬ್ಬಿ. ಒಂದು ದಿನ ಮುಚ್ಚಳ ತೆಗೆದು ನೋಡಿದೆ. ಖಾರವಿಲ್ಲದ ಹೆಸರುಬೇಳೆ ಅನ್ನ, ಮೇಲೆ ತುಪ್ಪ. ಯಾವ ದೇವರಿಗೆ ಈ ನೈವೇದ್ಯ ಎಂದು ಕೇಳಿದೆ. "ಬಾಲಕೃಷ್ಣನಿಗೆ" ಎಂದಳು, ಮುಖದ ಒಂದು ಗೆರೆಯೂ ಕದಲದೆ.

ನಾನು ತೀರ್ಮಾನಕ್ಕೆ ಬಂದೆ. ಮೋಹನರಾಜ ಮಹಡಿಯನ್ನು ಗುಟ್ಟಾಗಿ ಬಾಡಿಗೆಗೆ ಕೊಟ್ಟಿದ್ದಾರೆ, ಊಟ ಸಮೇತ, ಅಡುಗೆಗೆ ನನ್ನ ಹೆಂಡತಿಯನ್ನು ಸೇರಿಸಿಕೊಂಡಿದ್ದಾರೆ. ನಿಮ್ಮಲ್ಲಿ ಹಲವರನ್ನು ವಿಚಾರಿಸಿದೆ. ಪ್ರಹ್ಲಾದ್ ಅವರನ್ನು ಕೇಳಿದರೆ ಹವಾಮಾನದ ಮಾತು ತೆಗೆದರು. ಉದಯಶಂಕರ ಅವರನ್ನು ಕೇಳಿದರೆ ಕೆಮ್ಮು ಬಂತು. ಅಂದರೆ ಎಲ್ಲರೂ ಸೇರಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅದು ಮಾತ್ರ ನಿಜವಾಗಿತ್ತು.

ಈಗ ಒಂದು ವಿಷಯ ಹೇಳುತ್ತೇನೆ. ಇದು ನನ್ನ ಭಾಷಣದ ಕಾಗದದಲ್ಲಿ ಇರಲಿಲ್ಲ. ಫೆಬ್ರವರಿ ಕೊನೆಯ ವಾರ ಮೋಹನರಾಜರ ಬಡಾವಣೆಯ ಮನೆಮಾಲೀಕರ ಮಂಡಳಿಗೆ ಒಂದು ಪತ್ರ ಹೋಯಿತು. ಆ ಮನೆಯಲ್ಲಿ ನಿಯಮ ಮೀರಿ ಹೊರಗಿನವರನ್ನು ಇಟ್ಟುಕೊಂಡಿದ್ದಾರೆ ಎಂದು. ಕೆಳಗೆ ಹೆಸರಿರಲಿಲ್ಲ. ಮಂಡಳಿ ಮೋಹನರಾಜರಿಗೆ ನೋಟಿಸು ಕೊಟ್ಟಿತು: ಹೊರಗಿನವರು ಏಪ್ರಿಲ್ ಮೂವತ್ತರೊಳಗೆ ಮನೆ ಬಿಡಬೇಕು. ಆ ಪತ್ರ ಬರೆದವರು ಯಾರೆಂದು ನಿಮ್ಮಲ್ಲಿ ತುಂಬ ಚರ್ಚೆಯಾಯಿತು. ಮೋಹನರಾಜರು ಪಕ್ಕದ ಮನೆಯವರನ್ನು ಅನುಮಾನಿಸಿದರು, ಪಾಪ. ಬರೆದವನು ನಾನು. ಈ ಶಾಲು ಹೊದ್ದವನು.

ಸ್ವಲ್ಪ ನೀರು ಕುಡಿಯುತ್ತೇನೆ.

ಎರಡು ಸಾವಿರದ ಎಂಟರಲ್ಲಿ ನನ್ನ ಮಗಳು ಸುಚೇತಾ ಆಸ್ಟಿನ್‌ನಲ್ಲಿ ಓದುತ್ತಿದ್ದಳು. ನಾಲ್ವರು ಹುಡುಗಿಯರು ಸೇರಿ ಒಂದು ಅಪಾರ್ಟ್‌ಮೆಂಟು ಮಾಡಿದ್ದರು. ಒಂದು ಶನಿವಾರ ನಾನು ಹೇಳದೆ ಕೇಳದೆ ಡ್ರೈವ್ ಮಾಡಿಕೊಂಡು ಹೋದೆ. ಮಗಳು ಸಂತೋಷಪಟ್ಟಳು, ಕಾಫಿ ಮಾಡಲು ಹೋದಳು. ನಾನು ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಹಲ್ಲುಜ್ಜುವ ಬ್ರಷ್ ಎಣಿಸಿದೆ. ಐದಿದ್ದವು. ನಾಲ್ವರು ಹುಡುಗಿಯರು, ಐದು ಬ್ರಷ್. ಹೊರಗೆ ಬಂದು, ಐದನೆಯದು ಯಾವ ಹುಡುಗನದು ಎಂದು ಅವಳ ಗೆಳತಿಯರ ಎದುರಿಗೇ ಕೇಳಿದೆ. ಅವಳ ಕೈಯಲ್ಲಿ ಕಾಫಿ ಲೋಟವಿತ್ತು. "ಅಪ್ಪಾ, ಆರ್ ಯೂ ವಿಸಿಟಿಂಗ್ ಆರ್ ಇನ್‌ಸ್ಪೆಕ್ಟಿಂಗ್?" ಎಂದಳು. ಆಮೇಲೆ ಮೆಲ್ಲಗೆ, "ದಟ್ಸ್ ಫಾರ್ ಯೂ. ನೀವು ಬಂದರೆ ಇರಲಿ ಅಂತ ಇಟ್ಟಿದ್ದು" ಎಂದಳು. ಕೊನೆಯ ಮಾತನ್ನು ಕನ್ನಡದಲ್ಲೇ ಹೇಳಿದಳು. ಅವಳು ಕನ್ನಡ ಆಡುವುದೇ ಅಪರೂಪವಾಗಿತ್ತು.

ನಾನು ನಂಬಲಿಲ್ಲ. ಒಳ್ಳೆಯ ಕಥೆ ಕಟ್ಟಿದ್ದೀಯ ಎಂದು ಹೇಳಿ, ಕಾಫಿ ಕುಡಿಯದೆ ವಾಪಸು ಬಂದೆ.

ಅಂದಿನಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಳು. ಐದು ವರ್ಷದ ಮೇಲೆ ಡಾಲಸ್‌ನಲ್ಲಿ ಮದುವೆ ಎಂದು ಕರೆಯೋಲೆ ಕಳಿಸಿದಳು. ಕೈ ಚಾಚಿದಳು ಎಂದು ತಿಳಿಯಬೇಕಿತ್ತು. ನಾನು ಏನು ಮಾಡಿದೆ? ಹುಡುಗ ಅನಿರುದ್ಧ್ ಹೇಳಿದ ಕೆಲಸದಲ್ಲಿ ಇದ್ದಾನೋ ಇಲ್ಲವೋ ಎಂದು ಅವನ ಆಫೀಸಿಗೇ ಫೋನ್ ಮಾಡಿ ವಿಚಾರಿಸಿದೆ. ಮಾರನೆಯ ದಿನ ಮಗಳಿಂದ ಒಂದು ಸಾಲು ಬಂತು, ಬರಬೇಡಿ ಎಂದು. ಪ್ರಭಾ ಒಬ್ಬಳೇ ಹೋಗಿ ಧಾರೆ ಎರೆಸಿ ಬಂದಳು. ಆಮೇಲೆ ಮೊಮ್ಮಗಳು ಹುಟ್ಟಿದಳೆಂದು ಕೇಳಿದೆ. ಹೆಸರು ಅನಘಾ. ಡಾಲಸ್‌ನಲ್ಲಿದ್ದಾಳೆ ಎಂದು ನಾನೇ ಮನಸ್ಸಿನಲ್ಲಿ ಬರೆದುಕೊಂಡು, ನನ್ನ ಲೆಕ್ಕದ ಪುಸ್ತಕ ಮುಚ್ಚಿದೆ. ನಮ್ಮ ಮನೆಯ ಫಾರಂ ನಾನೇ ತುಂಬಿದವನು. 'ಮನೆಯವರು' ಎಂಬಲ್ಲಿ ಎರಡು ಎಂದು ಬರೆದೆ. 'ಬೇರೆ ಊರಿನಲ್ಲಿರುವ ಮಕ್ಕಳು' ಎಂಬಲ್ಲಿ ಒಂದು ಗೆರೆ ಎಳೆದೆ.

ಮಾರ್ಚ್ ಮೂರನೆಯ ವಾರ. ಪುಸ್ತಕ ಅಚ್ಚಿಗೆ ಹೋಗಲು ಎರಡು ದಿನ ಇತ್ತು. ಕೊನೆಯ ಸಲ ಪರಿಶೀಲನೆ ಎಂದು ಹೇಳಿ ಮೋಹನರಾಜರ ಮನೆಗೆ ಹೋದೆ. ಮಧ್ಯಾಹ್ನ ಒಂದು ಗಂಟೆ. ನನ್ನ ದನಿ ಕೇಳಿದ್ದೇ ಮಹಡಿಯಲ್ಲಿ ಏನೋ ಗಡಿಬಿಡಿ, ಬಾಗಿಲು ಹಾಕಿದ ಸದ್ದು. ಸ್ಟ್ಯಾಂಡಿನಲ್ಲಿ ಕೆಂಪು ಶೂ, ಪಕ್ಕದಲ್ಲಿ ಪ್ರಭಾಳ ಚಪ್ಪಲಿ. ರಾಜಲಕ್ಷ್ಮಿಯವರು, "ಕಾಫಿ ತಗೊಳ್ಳಿ ಮಧ್ವೇಶ್ ಅವರೇ, ಸಕ್ಕರೆ ಕಮ್ಮಿ ಹಾಕ್ತೀನಿ" ಎಂದು ಒಳಗೆ ಹೋದರು. ನಾನು ಕೈ ತೊಳೆದು ಬರುತ್ತೇನೆ ಎಂದೆ. ಹತ್ತು ವರ್ಷದ ಹಿಂದಿನ ಅದೇ ನೆಪ, ಕಳ್ಳನಿಗೆ ಹೊಸ ದಾರಿ ಹೊಳೆಯುವುದಿಲ್ಲ ನೋಡಿ. ಕೆಳಗಿನ ಬಚ್ಚಲು ಬಿಟ್ಟು ಸದ್ದಾಗದಂತೆ ಮಹಡಿ ಹತ್ತಿದೆ.

ಮಹಡಿಯ ಬಚ್ಚಲಲ್ಲಿ ಒಂದು ಗಾಜಿನ ಲೋಟ, ಅದರಲ್ಲಿ ಬ್ರಷ್‌ಗಳು. ಎರಡು ದೊಡ್ಡವು. ಒಂದು ಬಾತುಕೋಳಿ ಚಿತ್ರದ ಪುಟ್ಟದು. ಇನ್ನೊಂದು ಪಕ್ಕದಲ್ಲಿ, ಪ್ಯಾಕೆಟ್ ಒಡೆಯದ್ದು. ಅದರ ಮೇಲೆ ಬಿಳಿ ಟೇಪು ಅಂಟಿಸಿ ಕನ್ನಡದಲ್ಲಿ ಬರೆದಿತ್ತು, 'ಅಪ್ಪ' ಎಂದು. ಪಕಾರದ ಒತ್ತು ಸ್ವಲ್ಪ ದೂರಕ್ಕೆ ಹೋಗಿತ್ತು. ಕ್ಯಾನ್ಸಸ್‌ನ ಅಡುಗೆಮನೆಯಲ್ಲಿ ಅವಳ ಕೈ ಹಿಡಿದು ತಿದ್ದಿಸಿದವನು ನಾನು. ಆ ಒತ್ತನ್ನು ಅವಳು ಆಗಲೂ ದೂರಕ್ಕೇ ಬರೆಯುತ್ತಿದ್ದಳು.

ನನ್ನ ಪತ್ರದಿಂದಾಗಿ ಮನೆ ಬಿಡಬೇಕಾದ 'ಹೊರಗಿನವಳು' ನನ್ನ ಮಗಳು. ಉಳಿದದ್ದನ್ನು ಆಮೇಲೆ ಒಂದೊಂದಾಗಿ ಜೋಡಿಸಿಕೊಂಡೆ. ಅಕ್ಟೋಬರಿನಲ್ಲಿ ಅವಳ ಕಂಪನಿ ಅವಳನ್ನು ಹ್ಯೂಸ್ಟನ್‌ಗೆ ಹಾಕಿತ್ತು. ಗಂಡನಿಗೆ ಇಲ್ಲಿ ಕೆಲಸ ಸಿಗುವವರೆಗೆ ಅಜ್ಜಿಯ ಹತ್ತಿರ ಮಗು ಬೆಳೆಯಲಿ ಎಂದು ಬಂದಳು. ಅಜ್ಜಿಯ ಮನೆಯಲ್ಲಿ ತಾತ ಇದ್ದಾನಲ್ಲ, ಅದಕ್ಕೆ ನಾಲ್ಕು ಬೀದಿ ಆಚೆ ಉಳಿದಳು. ಶುಕ್ರವಾರದ ನೀಲಿ ಕಾರು ಅನಿರುದ್ಧನದು. ಅಂಗೈಯಷ್ಟು ಶೂ ಅನಘಾಳದು. ಹೆಸರುಬೇಳೆ ಅನ್ನ ಅವಳದು. ಪಾರಾಯಣ ಅವಳದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎನ್ನುತ್ತಾರೆ. ಅವರಾದರೂ ಹುಡುಕಿದರು. ನಾನು ಕೂಸಿನ ಮೇಲೆ ದೂರು ಕೊಟ್ಟೆ.

ಆಗ ಮುಚ್ಚಿದ ಬಾಗಿಲನ್ನು ತಟ್ಟಬಹುದಿತ್ತು. ಒಳಗೆ ಮಗುವನ್ನು ಸುಮ್ಮನಿರಿಸುವ ಪ್ರಭಾಳ ಪಿಸುಮಾತು ಕೇಳುತ್ತಿತ್ತು. ನಾನು ಕೆಳಗಿಳಿದು ಬಂದೆ, ಕಾಫಿ ಕುಡಿದೆ, ಮೋಹನರಾಜರ ಫಾರಂನಲ್ಲಿ ಎರಡು ಎಂದು ಇದ್ದದ್ದಕ್ಕೆ ಸರಿ ಗುರುತು ಹಾಕಿ ಮನೆಗೆ ಹೋದೆ. ಏಕೆ? ಇಡೀ ಆಯುಷ್ಯ ಬೇರೆಯವರನ್ನು ಪ್ರಶ್ನೆ ಕೇಳಿದವನಿಗೆ ಆ ಒಂದು ಬಾಗಿಲ ಮುಂದೆ ಒಂದು ಪ್ರಶ್ನೆ ಕೇಳುವ ಧೈರ್ಯ ಬರಲಿಲ್ಲ. ನನಗೆ ಹೆದರಿಕೆಯಾಯಿತು ಸಭಿಕರೇ. ಬಾಗಿಲು ತೆರೆದರೂ, ಮಗಳು ಬೇಡ ಎಂದುಬಿಟ್ಟರೆ?

ಆಮೇಲೆ ಯೋಚಿಸಿದಾಗ ತಿಳಿಯಿತು. ನೂರ ಮೂವತ್ತೊಂದು ಮನೆಗಳಲ್ಲಿ ನೂರ ಮೂವತ್ತಕ್ಕೆ ಈ ವಿಷಯ ಗೊತ್ತಿತ್ತು. ಪ್ರಹ್ಲಾದ್ ಅವರ ಹವಾಮಾನ, ಅಧ್ಯಕ್ಷರ ಕೆಮ್ಮು, ನಿಮ್ಮೆಲ್ಲರ ಕಾಫಿ. ನಿಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಸಿಟ್ಟಾಗಬೇಕಿತ್ತು. ಆಗಲಿಲ್ಲ. ನನ್ನ ಮಗಳನ್ನು ನನ್ನಿಂದ ಕಾಪಾಡಲು ಒಂದು ಊರಿಗೆ ಊರೇ ಸೇರಿತ್ತಲ್ಲ, ಅದನ್ನು ನೆನೆದು ನಾಚಿಕೆಯಾಯಿತು. ಸುಳ್ಳೇ ಹೇಳದ ಮೋಹನರಾಜರಿಂದ ಒಂದು ಸುಳ್ಳು ಹೇಳಿಸಿದೆ, ಅದಕ್ಕೂ ಕ್ಷಮೆ ಇರಲಿ.

ಮೊನ್ನೆ ಮಂಡಳಿಗೆ ಎರಡನೆಯ ಪತ್ರ ಬರೆದಿದ್ದೇನೆ. ದೂರು ಸುಳ್ಳು, ಅಲ್ಲಿರುವವರು ನನ್ನ ಮಗಳು ಮತ್ತು ಮೊಮ್ಮಗಳು ಎಂದು. ಈ ಸಲ ಹೆಸರು, ಫೋನ್ ನಂಬರು, ಸಹಿ ಎಲ್ಲ ಇದೆ. ಆದರೆ ನೋಟಿಸು ಹಿಂದಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನೆ ಸಂಜೆ ಆ ನೀಲಿ ಕಾರಿನ ಡಿಕ್ಕಿಯಲ್ಲಿ ಏಳು ರಟ್ಟಿನ ಪೆಟ್ಟಿಗೆ ನೋಡಿದೆ. ಹೌದು, ಎಣಿಸಿದೆ. ನಾಳೆ ಭಾನುವಾರ. ಆ ಕಾರು ಡಾಲಸ್‌ಗೆ ಹೋಗುವ ದಿನ.

ನನ್ನ ಮಗಳು ಈ ಸಭೆಯಲ್ಲಿದ್ದಾಳೆ. ಕೊನೆಯ ಸಾಲು, ಬಾಗಿಲ ಪಕ್ಕ, ತೊಡೆಯ ಮೇಲೆ ಮಗು, ಪಕ್ಕದ ಕುರ್ಚಿಯಲ್ಲಿ ಅನಿರುದ್ಧ್. ಹೆಸರು ಬರೆಸದೆ ಬಂದ ನಲವತ್ತಾರು ಮಂದಿಯಲ್ಲಿ ಮೂವರು ಅವರೇ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ನೋಡಿದಿರಲ್ಲ! ಅದಕ್ಕೇ ನಾನು ಯಾರನ್ನೂ ನಂಬುವುದಿಲ್ಲ.

ಈಗ ನನ್ನದೊಂದು ಕೋರಿಕೆ. ನಿಮ್ಮ ಕೈಯಲ್ಲಿರುವ ಪುಸ್ತಕದ ಮೂವತ್ತೊಂದನೆಯ ಪುಟ ತೆಗೆಯಿರಿ. ಮೇಲಿನಿಂದ ಮೂರನೆಯ ಮನೆ, ಮಧ್ವೇಶ ಮತ್ತು ಪ್ರಭಾ. ಸ್ವಂತ ಮನೆ, ನಾಲ್ಕು ಕೋಣೆ, ಮೂರು ಖಾಲಿ. ಮನೆಯವರು: ಎರಡು. ಪೆನ್ನು ಇದ್ದವರು ಆ ಎರಡನ್ನು ಹೊಡೆದು ಹಾಕಿ. ಮುಂದಿನ ಸಾಲಿನಲ್ಲಿ ಯಾರೋ ಐದು ಎಂದು ಬರೆಯುತ್ತಿದ್ದೀರಿ, ಕಾಣುತ್ತಿದೆ. ಬರೆಯಬೇಡಿ. ನಿಯಮ ನೆನಪಿದೆಯಲ್ಲ? ಎಣಿಸುವವನು ಊಹಿಸಿ ಬರೆಯತಕ್ಕದ್ದಲ್ಲ. ಬಾಯಿಬಿಟ್ಟು ಹೇಳಬೇಕಾದವಳು ಅವಳು. ಹೇಳುವವರೆಗೆ ಆ ಜಾಗ ಖಾಲಿ ಇರಲಿ. ಹತ್ತು ವರ್ಷಕ್ಕೊಮ್ಮೆ ಹಲಗೆ ತಿದ್ದುತ್ತಾರಂತೆ, ಆಸ್ಟಿನ್‌ನ ಆ ಶನಿವಾರಕ್ಕೆ ಸರಿಯಾಗಿ ಹತ್ತು ವರ್ಷವಾಯಿತು.

ಸುಚೇತಾ, ಆ ಐದನೆಯ ಬ್ರಷ್ ನನ್ನದೇ ಆಗಿತ್ತು. ನಂಬಿದೆನಮ್ಮ. ತಡವಾಯಿತು.

ಮಾತು ಉದ್ದವಾಯಿತು, ಹೋಳಿಗೆ ಆರುತ್ತಿದೆ. ಗೌರವಿಸಿದ ಸಂಘಕ್ಕೆ, ಗುಟ್ಟು ಕಾಪಾಡಿದ ನೂರ ಮೂವತ್ತು ಮನೆಗಳಿಗೆ, ಮುಕ್ಕಾಲು ಗಂಟೆಯ ಸಹಸ್ರನಾಮವನ್ನು ಆರು ತಿಂಗಳು ದಿನಕ್ಕೆ ಒಂಬತ್ತು ಗಂಟೆ ಹೇಳಿದ ನನ್ನ ಹೆಂಡತಿಗೆ ನಾನು ಋಣಿ. ಊಟದ ಮನೆಯ ಬಾಗಿಲಲ್ಲಿ ಕೂಪನ್ ಕೊಡುವಾಗ ಉದಯಶಂಕರ ಅವರು ನಿಮ್ಮ ಮನೆಯವರು ಎಷ್ಟು ಮಂದಿ ಎಂದು ಕೇಳುತ್ತಾರೆ. ನಾನು ಅಲ್ಲಿ ಪಕ್ಕಕ್ಕೆ ನಿಂತಿರುತ್ತೇನೆ. ಈ ಸಲ ನಾನು ಉತ್ತರ ಹೇಳುವುದಿಲ್ಲ, ಕಾಯುತ್ತೇನೆ.

ಎಲ್ಲರಿಗೂ ನಮಸ್ಕಾರ.